ಪರ್ಮಿಂಗ್ ಕಿಟ್ ಕೊಳ್ಳುವ ಮುನ್ನ ಬೆಲೆಯ ಚೀಟಿ ಕಿತ್ತು ನೋಡಿ: ನನ್ನ ಅಮ್ಮನ ಕೂದಲು ಹೋಯಿತು

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಲೆಗೆ ಕಪ್ಪು ಮೆಹಂದಿ ಹಚ್ಚುವ ಯಾರಿಗೂ ಮನೆಯಲ್ಲಿ ಪರ್ಮಿಂಗ್ (ದ್ರಾವಣ ಹಾಕಿ ಕೂದಲನ್ನು ಗುಂಗುರು ಮಾಡುವುದು) ಮಾಡಬೇಡಿ. ಅಂಗಡಿಯವನು ಏನೇ ಹೇಳಲಿ, ಮಾಡಬೇಡಿ. ‘ಕುಛ್ ನಹೀ ಹೋತಾ’, ಏನೂ ಆಗುವುದಿಲ್ಲ, ಎಂದು ಅವನು ನಕ್ಕರೆ ಅಲ್ಲಿಂದ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ.

ನಾವು ಮುಂಬಯಿ ಹತ್ತಿರದ ಡೊಂಬಿವಲಿಯವರು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಸಂಸಾರ ಹೂಡಿ ಮೂವತ್ತೈದು ವರ್ಷವಾಯಿತು. ಅವರ ಅರವತ್ತರ ಶಾಂತಿ ಇಟ್ಟುಕೊಂಡಿದ್ದೆವು. ಅಮ್ಮನಿಗೆ ಮದುವೆಯ ಕಾಲದಲ್ಲಿ ಗುಂಗುರು ಕೂದಲು ಇತ್ತು. ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋದಲ್ಲಿ ಹಣೆಯ ಮೇಲೆ ಉಂಗುರ ಉಂಗುರವಾಗಿ ಬಿದ್ದಿದೆ. ನಾನು ಹುಟ್ಟಿದ ಮೇಲೆ ಟೈಫಾಯ್ಡ್ ಬಂದು ಅಷ್ಟೂ ಉದುರಿತಂತೆ, ಮತ್ತೆ ಬಂದದ್ದು ನೆಟ್ಟಗಿನ ಕೂದಲು. ಶಾಂತಿಗೆ ಸೀರೆ ತೆಗೆಯುವಾಗ ಅಮ್ಮ ಆ ಫೋಟೋ ನೋಡುತ್ತ, ‘ಇದನ್ನೆಲ್ಲ ಈಗ ಮನೆಯಲ್ಲೇ ಮಾಡುತ್ತಾರಂತಲ್ಲ?’ ಎಂದು ಕೇಳಿದಳು. ತನಗಾಗಿ ಏನನ್ನೂ ಕೇಳಿದವಳಲ್ಲ ನನ್ನ ಅಮ್ಮ. ಆದ್ದರಿಂದಲೇ ನಾನು ಹೂಂ ಎಂದೆ. ಪಾರ್ಲರಿನಲ್ಲಿ ಐದಾರು ಸಾವಿರ ಕೇಳುತ್ತಾರೆ ಎಂಬುದು ಒಂದು. ಪರಕೀಯರ ಮುಂದೆ ತಲೆ ಕೆದರಿಕೊಂಡು ಮೂರು ಗಂಟೆ ಕೂರುವುದಕ್ಕೆ ಅಮ್ಮನಿಗೆ ಸಂಕೋಚ ಎಂಬುದು ಇನ್ನೊಂದು.

ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಗಳಲ್ಲಿ ಪಾರ್ಲರ್ ಸಾಮಾನು ಸಗಟು ದರಕ್ಕೆ ಸಿಗುತ್ತದೆ ಎಂಬುದು ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು. ಅಂಥ ಒಂದು ಅಂಗಡಿ. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥವಾಗುವವರೆಗೆ ಬರೆಯುವುದು ಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ. ಒಂದು ಪೆಟ್ಟಿಗೆಯಲ್ಲಿ ಎರಡು ಬಾಟಲಿ, ಕೂದಲು ಸುತ್ತುವ ಪ್ಲಾಸ್ಟಿಕ್ ರಾಡುಗಳು, ಕೂದಲ ತುದಿಗೆ ಸುತ್ತುವ ತೆಳು ಕಾಗದ, ಕೈಗವಸು. 1,650 ರೂಪಾಯಿ. ಒಳಗಿನ ಹಾಳೆಯಲ್ಲಿ ಇದ್ದದ್ದು ನನಗೆ ಓದಲು ಬಾರದ ಲಿಪಿ. ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರ ಇಂಗ್ಲಿಷ್. ಅದರ ಮೇಲೆ ಅಂಗೈ ಅಗಲದ ಬಿಳಿ ಚೀಟಿ: ಬೆಲೆ, ಕೆಳಗೆ ‘ಎಲ್ಲ ಬಗೆಯ ಕೂದಲಿಗೆ’ ಎಂಬ ಸಾಲು.

ನಾನು ಕೇಳದೆ ತಂದವಳಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈಗ ಎಲ್ಲರೂ ‘ಕೇಳಬಾರದಿತ್ತೇ?’ ಎನ್ನುತ್ತಿದ್ದಾರೆ. ಕೇಳಿದ್ದೇನೆ. ಅಮ್ಮನಿಗೆ ಐವತ್ತೇಳು ವರ್ಷ, ಎಂಟು ವರ್ಷದಿಂದ ತಿಂಗಳಿಗೊಮ್ಮೆ ಕಪ್ಪು ಮೆಹಂದಿ ಹಚ್ಚುತ್ತಾಳೆ, ನಡೆಯುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿದೆ. ಅವನು ಇನ್ನೊಬ್ಬ ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ, ‘ಕುಛ್ ನಹೀ ಹೋತಾ, ಮೆಹಂದಿ ಅಂದರೆ ಗಿಡದ ಎಲೆ ತಾನೇ’ ಎಂದ. ಎಲೆ ತಾನೇ! ಈ ಮಾತು ಈಗಲೂ ಕಿವಿಯಲ್ಲಿ ಕುಟ್ಟುತ್ತಿದೆ.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲೇ ಹೇಳುತ್ತೇನೆ. ಮದರಂಗಿ ಎಲೆ ಕೊಡುವುದು ಕೆಂಪು ಬಣ್ಣ ಮಾತ್ರ. ಅದು ಕಪ್ಪು ಬಣ್ಣ ಕೊಡುತ್ತದೆ ಎಂದಾದರೆ ಎಲೆಯ ಜೊತೆ ಬೇರೇನೋ ಬೆರೆತಿದೆ ಎಂದರ್ಥ. ಕೆಲವದರಲ್ಲಿ ರಾಸಾಯನಿಕ ಬಣ್ಣ, ಕೆಲವದರಲ್ಲಿ ಲೋಹದ ಲವಣ. ಇತ್ತ ಪರ್ಮಿಂಗಿನ ಮೊದಲ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಥಯೋಗ್ಲೈಕೊಲೇಟ್. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಟ್ಟ ಗಂಧಕದ ಬಂಧಗಳನ್ನು ಅದು ಬಿಡಿಸುತ್ತದೆ. ಕೂದಲು ರಾಡಿನ ಆಕಾರಕ್ಕೆ ಬಾಗುವುದು ಆಗ. ಎರಡನೆಯ ಬಾಟಲಿಯ ಹೈಡ್ರೋಜನ್ ಪೆರಾಕ್ಸೈಡ್ ಆ ಬಂಧಗಳನ್ನು ಮತ್ತೆ ಕೂಡಿಸುತ್ತದೆ. ಕೂದಲಿನಲ್ಲಿ ಲೋಹದ ಲವಣ ಕೂತಿದ್ದರೆ ಪೆರಾಕ್ಸೈಡ್ ತಾಗಿದೊಡನೆ ಕಾವು ಏಳುತ್ತದೆ, ಕೂದಲು ಬೆಂದು ತುಂಡಾಗುತ್ತದೆ. ಇದು ಪಾರ್ಲರ್ ಕೆಲಸ ಕಲಿತವರಿಗೆ ಗೊತ್ತಿರುವ ಸಂಗತಿ. ದಿನವೂ ಅದೇ ಸಾಮಾನು ಮಾರುವವನಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಶಾಂತಿಗೆ ಎಂಟು ದಿನ ಇರುವಾಗ, ಶನಿವಾರ ಮಧ್ಯಾಹ್ನ, ಬಚ್ಚಲಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಅಮ್ಮನನ್ನು ಕೂರಿಸಿದೆ. ಹಣೆಯಂಚಿಗೆ ವ್ಯಾಸಲಿನ್, ಅದರ ಮೇಲೆ ಹತ್ತಿಯ ಪಟ್ಟಿ, ಹೆಗಲಿಗೆ ಹಳೆಯ ಟವೆಲ್. ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಐದು ಬಕೆಟ್ ತುಂಬಿಸಿಟ್ಟಿದ್ದೆ. ಆ ಐದು ಬಕೆಟ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನೆನೆಯಲೂ ಭಯವಾಗುತ್ತದೆ. ಮೂವತ್ತೆರಡು ರಾಡು ಸುತ್ತಿದೆ. ಮೊದಲ ದ್ರಾವಣ ಹಾಕಿದಾಗ ಕೊಳೆತ ಮೊಟ್ಟೆಯ ವಾಸನೆ. ಅದು ಇರುವುದೇ ಹಾಗೆ, ಕಿಟಕಿ ತೆರೆದೆ. ಇಪ್ಪತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದೆ. ಅಲ್ಲಿಯವರೆಗೆ ಅಮ್ಮ ಕನ್ನಡಿ ಹಿಡಿದು ನಗುತ್ತಿದ್ದಳು.

ಎರಡನೆಯದನ್ನು ಹಾಕಿ ಎರಡು ನಿಮಿಷ ಆಗಿರಲಿಲ್ಲ. ‘ಬಿಸಿಯಾಗುತ್ತಿದೆಯಲ್ಲೇ, ಹೀಗೆಯೇ ಆಗುವುದೇ?’ ಎಂದು ಅಮ್ಮ ಕೇಳಿದಳು. ‘ಹಾಗೆಯೇ ಅಮ್ಮ, ಔಷಧ ಕೆಲಸ ಮಾಡುತ್ತಿದೆ’ ಎಂದುಬಿಟ್ಟೆ. ಹಾಗೆಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಆ ಉತ್ತರಕ್ಕೆ ನಾನು ಈಗಲೂ ನನ್ನನ್ನು ಕ್ಷಮಿಸಿಕೊಂಡಿಲ್ಲ. ಮತ್ತೆ ಅರ್ಧ ನಿಮಿಷ. ಹಿಂದಲೆಯ ರಾಡನ್ನು ಕೈಗವಸಿನ ಮೇಲಿಂದ ಮುಟ್ಟಿದರೆ ಆಗತಾನೇ ಕಾಫಿ ಹೊಯ್ದ ಸ್ಟೀಲ್ ಲೋಟ ಮುಟ್ಟಿದಂತೆ ಕೈ ಚುರುಕ್ಕೆಂದಿತು. ಕಾಗದದ ಸಂದಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ತಲೆಯಿಂದ, ನನ್ನ ಅಮ್ಮನ ತಲೆಯಿಂದ. ಅವಳನ್ನು ಬಚ್ಚಲಿಗೆ ಎಳೆದು ಬಗ್ಗಿಸಿ ಬಕೆಟನ್ನೇ ಎತ್ತಿ ಸುರಿದೆ. ಒಂದಾದ ಮೇಲೆ ಒಂದು, ನಾಲ್ಕು ಬಕೆಟ್.

ಆಮೇಲೆ ರಾಡು ಬಿಚ್ಚಲು ಹೋದೆ. ಕುತ್ತಿಗೆಯ ಮೇಲಿನ ಮೊದಲನೆಯದು ಬಿಚ್ಚಿಕೊಳ್ಳಲೇ ಇಲ್ಲ; ರಾಡು, ಕಾಗದ, ಸುತ್ತಿದ್ದ ಕೂದಲು ಮೂರೂ ಒಟ್ಟಿಗೆ ನನ್ನ ಕೈಗೆ ಬಂದವು. ಎಳೆದಿರಲಿಲ್ಲ ನಾನು. ನೆನೆದ ಶಾವಿಗೆಯಂತೆ ಮೆತ್ತಗಾಗಿ, ಬೆರಳಲ್ಲಿ ಹಿಚುಕಿದರೆ ಮುದ್ದೆಯಾಗುತ್ತಿತ್ತು. ಅಮ್ಮನಿಗೆ ಕಾಣಬಾರದೆಂದು ಅದನ್ನು ನೈಟಿಯ ಜೇಬಿಗೆ ಹಾಕಿಕೊಂಡೆ. ಎರಡನೆಯದೂ ಹಾಗೆಯೇ. ಮೂರನೆಯದೂ. ಜೇಬು ತುಂಬಿತು. ಅಷ್ಟರಲ್ಲಿ ಅಮ್ಮ ಕೈ ಹಿಂದಕ್ಕೆ ತಂದು ಹಿಂದಲೆ ಸವರಿಕೊಂಡಳು. ಸವರಿದ ಕೈ ಅಲ್ಲೇ ನಿಂತಿತು. ಒಂದು ಮಾತನ್ನೂ ಆಡಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಅವರೂ ಆಡಲಿಲ್ಲ.

ಅಂದು ಸಂಜೆಯೇ ಚರ್ಮವೈದ್ಯರಲ್ಲಿಗೆ ಹೋದೆವು. ನೆತ್ತಿಯಲ್ಲಿ ಎರಡು ಕಡೆ ಸುಟ್ಟಗಾಯ, ಮುಲಾಮು ಬರೆದರು. ಕೂದಲು ಬುಡಕ್ಕಿಂತ ಸ್ವಲ್ಪ ಮೇಲೆ ತುಂಡಾಗಿದೆ, ಬೇರಿಗೆ ಪೆಟ್ಟಾಗಿರಲಾರದು, ಬೆಳೆಯುತ್ತದೆ ಎಂದರು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಅಮ್ಮನ ಜಡೆ ಮೊದಲಿನಷ್ಟು ಆಗಬೇಕಾದರೆ ಎಷ್ಟು ವರ್ಷ ಎಂದು ಬರುವ ದಾರಿಯಲ್ಲಿ ರಿಕ್ಷಾದಲ್ಲೇ ಲೆಕ್ಕ ಹಾಕಿದೆ. ನಾಲ್ಕು ವರ್ಷ. ಬಳಸಿದ್ದ ಮೆಹಂದಿ ಯಾವುದು ಎಂದು ಅವರು ಕೇಳಿದ್ದರು. ಅದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಡುವ ಬಿಡಿ ಪುಡಿ, ಅದರಲ್ಲಿ ಏನಿದೆ ಎಂದು ಬರೆದೇ ಇರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಪೆಟ್ಟಿಗೆಯನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಕುಳಿತೆ. ಬಿಳಿ ಚೀಟಿಯ ಅಂಚಿನಲ್ಲಿ ಒಂದು ಕಪ್ಪು ಅಕ್ಷರದ ಬಾಲ ಹೊರಗೆ ಇಣುಕುತ್ತಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಪಾತ್ರೆಯಲ್ಲಿ ನೀರು ಕುದಿಸಿ ಹಬೆಗೆ ಹಿಡಿದು ನಿಧಾನವಾಗಿ ಬಿಡಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ, ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ ಇತ್ತು: ಹೆನ್ನಾ (ಮೆಹಂದಿ) ಅಥವಾ ಲೋಹದ ಲವಣವಿರುವ ಬಣ್ಣ ಹಚ್ಚಿದ ಕೂದಲಿಗೆ ಬಳಸಬಾರದು. ಮೊದಲು ಒಂದು ಎಳೆಯ ಮೇಲೆ ಪರೀಕ್ಷಿಸಿ ನೋಡಬೇಕು.

ಬಾಟಲಿ ತಯಾರಿಸಿದವನು ಎಚ್ಚರಿಕೆ ಕೊಟ್ಟಿದ್ದಾನೆ. ಮಾರಿದವನು ಅದರ ಮೇಲೆಯೇ ಬೆಲೆ ಅಂಟಿಸಿದ್ದಾನೆ. ಅದೂ ‘ಎಲ್ಲ ಬಗೆಯ ಕೂದಲಿಗೆ’ ಎಂದು ಬರೆದ ಚೀಟಿ! ಒಲೆಯ ಮುಂದೆ ನಿಂತು ಅತ್ತೆ. ಮೋಸ ಹೋದೆ ಎಂಬುದು ಪೂರ್ತಿ ಅರಿವಾದದ್ದು ಆಗ.

ಮರುದಿನ ಅಂಗಡಿಯವನಿಗೆ ವಾಟ್ಸ್ಯಾಪ್‌ನಲ್ಲಿ ಬರೆದೆ. ‘ಫೋಟೋ ಕಳಿಸಿ ಮೇಡಂ’ ಎಂದ. ಅಮ್ಮನ ತಲೆಯ ಫೋಟೋ ಕಳಿಸಲು ಎಷ್ಟು ನಾಚಿಕೆಯಾಯಿತು ಎಂದು ಹೇಳಲಾರೆ. ಅಮ್ಮನನ್ನು ಕೇಳಿ, ಮುಖ ಕಾಣದಂತೆ ತೆಗೆದು ಕಳಿಸಿದೆ. ಉತ್ತರ: ‘ನೀವು ಹೆಚ್ಚು ಹೊತ್ತು ಬಿಟ್ಟಿದ್ದೀರಿ.’ ಬಿಟ್ಟಿಲ್ಲ ಎಂದೆ. ‘ಆಂಟಿಯ ಕೂದಲು ಮೊದಲೇ ದುರ್ಬಲ ಇದ್ದಿರಬೇಕು.’ ಚೀಟಿ ಕಿತ್ತ ಪೆಟ್ಟಿಗೆಯ ಫೋಟೋ ಕಳಿಸಿದೆ. ಒಂದು ಗಂಟೆ ಸುಮ್ಮನಿದ್ದು ಬರೆದ: ‘ಬೆಲೆ ಎಲ್ಲಾದರೂ ಅಂಟಿಸಲೇಬೇಕಲ್ಲ ಮೇಡಂ.’ ಆಮೇಲೆ: ‘ಸೀಲ್ ಒಡೆದ ಮಾಲು ವಾಪಸ್ ಇಲ್ಲ.’ ನಾನು ವಾಪಸ್ ಕೇಳಿಯೇ ಇರಲಿಲ್ಲ! ಕೊನೆಗೆ: ‘ಕೂದಲು ತಾನೇ, ಮತ್ತೆ ಬರುತ್ತದೆ.’

ಸೋಮವಾರ ಕೆಲಸಕ್ಕೆ ರಜೆ ಹಾಕಿ ಫಾಸ್ಟ್ ಲೋಕಲ್ ಹಿಡಿದು ಹೋದೆ. ಅದೇ ಕಪಾಟಿನಲ್ಲಿ ಅದೇ ಪೆಟ್ಟಿಗೆಗಳು ಸಾಲಾಗಿ ಇದ್ದವು. ಒಂದೊಂದನ್ನೂ ತಿರುಗಿಸಿ ನೋಡಿದೆ, ಹನ್ನೊಂದು. ಹನ್ನೊಂದರಲ್ಲೂ ಚೀಟಿ ಅದೇ ಜಾಗದಲ್ಲಿ, ಆ ಚೌಕಟ್ಟಿನ ನಾಲ್ಕೂ ಮೂಲೆ ಮುಚ್ಚುವಂತೆ ಅಂಟಿಸಿತ್ತು. ಹನ್ನೊಂದು ಸಲ ಕೈತಪ್ಪು ಆಗುವುದಿಲ್ಲ. ಎತ್ತರದ ದನಿಯಲ್ಲಿ ಕೇಳಿದೆ. ‘ಬಿಲ್ ಇದೆಯೇ?’ ಎಂದ. ಅವನು ಅಂದು ಕೊಟ್ಟದ್ದು ಕೈಯಲ್ಲಿ 1,650 ಎಂದು ಗೀಚಿದ ತುಂಡು ಕಾಗದ. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ. ‘ಇದು ನಮ್ಮದೇ ಎಂದು ಹೇಗೆ ಹೇಳುತ್ತೀರಿ?’ ಎಂದ. ಜನ ಸೇರುತ್ತಿದ್ದಂತೆ ದನಿ ಇಳಿಸಿ ಕೂದಲೆಣ್ಣೆಯ ಒಂದು ಬಾಟಲಿ ಮುಂದೆ ತಳ್ಳಿ, ‘ಇದನ್ನು ಹಚ್ಚಿ, ಹಣ ಬೇಡ’ ಎಂದ. ಅದನ್ನು ಮುಟ್ಟದೆ ಬಂದೆ. ದುಡ್ಡು ಕೊಟ್ಟದ್ದು ಯುಪಿಐ ಮೂಲಕವಾದ್ದರಿಂದ ಅದೊಂದು ಸಾಕ್ಷಿ ಉಳಿದಿದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಹೊರದೇಶದಿಂದ ಬಂದ ಇಂಥ ಸಾಮಾನಿನ ಮೇಲೆ ಆಮದಿನ ನೋಂದಣಿ ಸಂಖ್ಯೆ, ನೋಂದಣಿ ಪಡೆದವರ ಹೆಸರು, ವಿಳಾಸ ಇರಬೇಕು. ನನ್ನ ಪೆಟ್ಟಿಗೆಯ ಆರೂ ಬದಿ ಹುಡುಕಿದೆ. ಒಂದೂ ಇಲ್ಲ.

ಈ ಮಧ್ಯೆ ಪರ್ಮಿಂಗ್ ಚರಿತ್ರೆಯನ್ನೂ ಓದಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ ಕಾದ ಹಿತ್ತಾಳೆಯ ರಾಡುಗಳಿಂದ ಇದನ್ನು ಮೊದಲು ಪ್ರಯೋಗಿಸಿದ್ದು ತನ್ನ ಹೆಂಡತಿಯ ತಲೆಯ ಮೇಲೆ. ಮೊದಲ ಎರಡು ಸಲ ಅವಳ ಕೂದಲು ಸುಟ್ಟುಹೋಯಿತಂತೆ. ಅದನ್ನು ಓದುವಾಗ ನನಗೆ ಆ ಹೆಂಗಸಿನ ಬಗ್ಗೆ ಸಂಕಟವಾಯಿತು. ಆದರೆ ಆಗ ಅವನಿಗೆ ಎಚ್ಚರಿಕೆ ಬರೆದುಕೊಡುವವರು ಯಾರೂ ಇರಲಿಲ್ಲ. ನಮಗೆ ಬರೆದುಕೊಟ್ಟಿದ್ದರು. ಮುಚ್ಚಿದ್ದು ಇವನು.

ಮಾಡಲೇಬೇಕು ಎನ್ನುವವರು ಇಷ್ಟಾದರೂ ಮಾಡಿ. ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಕೂದಲನ್ನು ಬಾಟಲಿಗಳ ದ್ರಾವಣದಲ್ಲಿ ಕ್ರಮವಾಗಿ ಅದ್ದಿ ನೋಡಿ. ಬಿಸಿಯಾದರೆ, ನೊರೆ ಬಂದರೆ, ಎಳೆದಾಗ ತುಂಡಾದರೆ ಪೆಟ್ಟಿಗೆ ಮುಚ್ಚಿಬಿಡಿ. ಎರಡು ದಿನ ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಚರ್ಮಕ್ಕೆ ಒಗ್ಗುತ್ತದೆಯೇ ನೋಡಿ. ಹಣ ಕೊಡುವ ಮೊದಲು ಚೀಟಿಯ ಕೆಳಗೇನಿದೆ ನೋಡಿ, ಕೀಳಬೇಡಿ ಎಂದರೆ ಕೊಳ್ಳಬೇಡಿ. ಅಂಗಡಿಯ ಹೆಸರಿರುವ ಬಿಲ್ ಪಡೆಯಿರಿ. ತಲೆ ಬಿಸಿಯಾಗುತ್ತಿದೆ ಎಂದು ಕೂತವರು ಹೇಳಿದರೆ ಸಮಾಧಾನ ಹೇಳುತ್ತ ನಿಲ್ಲಬೇಡಿ, ನೀರು ಸುರಿಯಿರಿ.

ಶಾಂತಿ ನಡೆಯಿತು. ಅಮ್ಮ ಸೆರಗು ತಲೆಯ ಮೇಲೆ ಹೊದ್ದು ಅಪ್ಪನ ಪಕ್ಕದಲ್ಲಿ ಕುಳಿತಳು. ಮಾಟುಂಗದಲ್ಲಿ ಮುಂಚೆಯೇ ಹೇಳಿಟ್ಟಿದ್ದ ಎರಡು ಚೆಂಡು ಶಂಕರಪುರ ಮಲ್ಲಿಗೆ ಬಂದಿತ್ತು. ಮುಡಿಯಲು ಅವಳಿಗೆ ಜಡೆ ಇರಲಿಲ್ಲ. ಅಷ್ಟನ್ನೂ ನನ್ನ ತಲೆಗೆ ಮುಡಿಸಿ, ‘ನೀನು ಅಳುವುದು ಸಾಕು’ ಎಂದಳು. ನೆಂಟರಲ್ಲಿ ಇಬ್ಬರು ‘ತಿರುಪತಿಗೆ ಹೋಗಿದ್ದಿರಾ?’ ಎಂದು ಅವಳನ್ನೇ ಕೇಳಿದರು. ಅಮ್ಮ ಹೌದು ಎಂದಳು.

ನಿನ್ನೆ ನನ್ನ ಗೆಳತಿ ಆ ಗಲ್ಲಿಯಲ್ಲಿ ಹಾದುಹೋಗುವಾಗ ಅಂಗಡಿಯೊಳಗೆ ಹೋಗಿ ಒಂದು ಪೆಟ್ಟಿಗೆಯ ಫೋಟೋ ತೆಗೆದು ಕಳಿಸಿದಳು. ಬೆಲೆ 1,500ಕ್ಕೆ ಇಳಿದಿದೆ. ಹೊಸ ಚೀಟಿ ಅಂಟಿಸಿದ್ದಾನೆ, ಅದೇ ಜಾಗದಲ್ಲಿ.