ಪಿಯು ಅಂತ ಹೇಳಿ ಎನ್‌ಸಿ ಹೊಡೆದು ಕಳಿಸ್ತಾರೆ, ಕಾರಿಗೆ ಪೇಂಟ್ ಮಾಡ್ಸೋರು ಹುಷಾರು

ಮಳೆ ಬಿಡ್ತು, ಇನ್ನು ಎಲ್ರೂ ಟಿಂಕರಿಂಗ್ ಪೇಂಟಿಂಗ್ ಅಂತ ಶಿವಮೊಗ್ಗಕ್ಕೆ ಕಾರ್ ತಗೊಂಡು ಹೋಗೋ ಟೈಮು, ಅದ್ಕೇ ಈಗ್ಲೇ ಬರೀತಿದೀನಿ. ಪಿಯು ಅಂದ್ರೆ ಪಾಲಿಯುರೆಥೇನ್, ಹಾರ್ಡ್‌ನರ್ ಅಂತ ಬೇರೆ ಡಬ್ಬೀದು ಬೆರೆಸಿ ಗಟ್ಟಿ ಮಾಡೋ ಪೇಂಟು; ಎನ್‌ಸಿ ಅಂದ್ರೆ ಹಾರ್ಡ್‌ನರ್ ಇಲ್ದ, ಥಿನ್ನರಿಗೆ ಕರಗೋ ಹಳೇ ಜಾತಿ ಪೇಂಟು. ಯಾರಾದ್ರೂ "ಪಿಯು ಪೇಂಟ್ ಸಾರ್, ಐದ್ ವರ್ಷ ಏನೂ ಆಗಲ್ಲ" ಅಂತ ಹೇಳಿ ಕಮ್ಮಿ ರೇಟ್ ಕೊಟ್ರೆ ಮೊದ್ಲು ಹಾರ್ಡ್‌ನರ್ ಡಬ್ಬಿ ಎಲ್ಲಿ ಅಂತ ಕೇಳಿ. ಹಾರ್ಡ್‌ನರ್ ಡಬ್ಬಿ. ಬಾಕಿ ಮಾತೆಲ್ಲ ಆಮೇಲೆ. ನಂಗೆ 38 ಸಾವ್ರ ಹೋಯ್ತು, ನೆಂಟರ ಎದುರಿಗೆ ಮರ್ಯಾದೆ ಹೋಗಿದ್ದು ಎಕ್ಸ್‌ಟ್ರಾ.

ಕಾರು ಹಳೇ ಸ್ವಿಫ್ಟ್, ಕೆಂಪು. ಎಂಜಿನ್ ಕಂಡೀಶನ್ ಚೆನ್ನಾಗಿದೆ, ಬಾಡಿ ಮಾತ್ರ ನೋಡೋ ಹಾಗಿರ್ಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮೂರಲ್ಲಿ ಕಾರ್ ಶೆಡ್ ಅಂದ್ರೆ ಮನೆ ಪಕ್ಕ ಇಳಿಸಿರೋ ಶೀಟು, ಎರಡು ಕಡೆ ಓಪನ್ನು, ಜೂನಿಂದ ಸೆಪ್ಟೆಂಬರ್ ತನಕ ಎರಚಲು ಹೊಡೀತಾನೇ ಇರುತ್ತೆ, ಬೇಸಿಗೇಲಿ ಮಧ್ಯಾಹ್ನದ ಬಿಸಿಲು ನೇರ ಬಾನೆಟ್ ಮೇಲೆ. ಕೆಂಪು ಬಣ್ಣ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತೆ ಅಂತ ಕೆಂಪು ಕಾರ್ ಇರೋರಿಗೆಲ್ಲ ಗೊತ್ತು. ಬಾನೆಟ್ಟು ರೂಫು ತಿಳಿ ಗುಲಾಬಿ ಬಣ್ಣಕ್ಕೆ ಬಂದಿತ್ತು, ಬಾಗಿಲ ಅಡಿಯಲ್ಲಿ ತುಕ್ಕು. ಮಾರೋಣ ಅಂದ್ರೆ ಕೇಳೋರಿಲ್ಲ, ಹೊಸದು ತಗೊಳ್ಳೋಣ ಅಂದ್ರೆ ಕೊಳೆ ರೋಗ ಬಂದು ತೋಟದಲ್ಲಿ ಉಳಿದಿದ್ದೇನು ಅಂತ ಅಡಿಕೆ ಬೆಳೆಯೋರಿಗೆ ಹೇಳ್ಬೇಕಾ. ಸರಿ, ಫುಲ್ ಪೇಂಟ್ ಮಾಡ್ಸಿ ಇನ್ನೊಂದು ನಾಕೈದು ವರ್ಷ ಓಡ್ಸೋಣ ಅಂತ ತೀರ್ಮಾನ ಆಯ್ತು.

ಕಂಪನಿ ಸರ್ವಿಸ್ ಸೆಂಟರಲ್ಲಿ ಕೇಳಿದ್ರೆ 80 ಸಾವ್ರದ ಹತ್ರ ಹೇಳಿದ್ರು. ಆಮೇಲೆ ಪರಿಚಯದೋರು ಒಬ್ರು ಒಂದು ಗ್ಯಾರೇಜಿನ ನಂಬರ್ ಕೊಟ್ರು. ಗ್ಯಾರೇಜಿನ ಹೆಸ್ರು ಇಲ್ಲಿ ಬೇಡ. ಓನರ್ ಮಾತು ಬೆಣ್ಣೆ. "ಬನ್ನಿ ಗೌಡ್ರೇ, ಕಾಫಿ ತಗೊಳ್ಳಿ ಗೌಡ್ರೇ, ನಮ್ಮಲ್ಲಿ ಲೋಕಲ್ ಮಾಲು ಇಲ್ವೇ ಇಲ್ಲ" ಅಂದ. ಶೆಲ್ಫಿಂದ ದೊಡ್ಡ ಕಂಪನಿಯ ಒಂದು ಡಬ್ಬಿ ಎತ್ತಿ "ನೋಡಿ ಇದೇ ಹೊಡೆಯೋದು, ಪಿಯು, ಟೂ ಕೆ" ಅಂತ ತೋರ್ಸಿದ. ಪೇಂಟ್ ಹೊಡೆಯೋಕೆ ಮುಚ್ಚಿದ ಬೂತ್ ಇದ್ಯಾ ಅಂತ ಕೇಳ್ದೆ, ಇದೆ ಅಂದ. ಗ್ಯಾರಂಟಿ ಕೇಳ್ದೆ, "ನನ್ ಮಾತೇ ಗ್ಯಾರಂಟಿ" ಅಂದ. ರೇಟೂ ಅವನೇ ಹೇಳಿದ್ದು, ನಾನು ಒಂದ್ ರೂಪಾಯಿ ಚೌಕಾಸಿ ಮಾಡ್ಲಿಲ್ಲ, ಇದನ್ನ ನೆನಪಿಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಬಣ್ಣ ಬದ್ಲಾಯ್ಸಿ ವೈಟ್ ಮಾಡ್ಸಿ, ಖರ್ಚು ಇನ್ನೂ ಕಮ್ಮಿ ಅಂತಾನೂ ಅಂದ. ಆರ್‌ಸಿಲಿ ಕಲರ್ ಕೆಂಪು ಅಂತಿದೆ, ಆರ್‌ಟಿಓಗೆ ಹೋಗಿ ಬದಲಾಯ್ಸೋ ತಲೆನೋವು ಯಾಕೆ ಅಂತ ನಾನು ಬೇಡ ಅಂದೆ.

ಮೇ ಕೊನೆಗೆ ಕೊಡ್ತೀನಿ ಅಂದೋನು ಇವತ್ತು ನಾಳೆ ಅಂತ ಜೂನಿಗೆ ತಂದ. ಫೋನ್ ಮಾಡಿದ್ರೆ "ಪ್ರೈಮರ್ ಆಗಿದೆ", ಮತ್ತೆ ಮಾಡಿದ್ರೆ "ಪ್ರೈಮರ್ ಒಣಗ್ತಿದೆ". ಅಷ್ಟ್ರಲ್ಲಿ ಮಳೆ ಹಿಡ್ಕೊಳ್ತು. ಒಂದಿನ ಹೇಳ್ದೆ ಕೇಳ್ದೆ ಹೋದೆ. ಬೂತ್ ಅಂದ್ರೆ ಏನು ಗೊತ್ತಾ, ಹಿಂದುಗಡೆ ನೀಲಿ ಟಾರ್ಪಾಲ್ ಇಳಿಬಿಟ್ಟು ಮಾಡಿರೋ ಮೂಲೆ! ಸರಿಯಾದ ಬೂತಲ್ಲಿ ಧೂಳು ಬರದ ಹಾಗೆ ಫಿಲ್ಟರ್ ಆದ ಗಾಳಿ ಬರುತ್ತೆ, ಹೊಡೆದ ಮೇಲೆ 60 ಡಿಗ್ರಿ ಹತ್ರ ಅರ್ಧ ಗಂಟೆ ಬೇಕ್ ಮಾಡ್ತಾರೆ. ಇಲ್ಲಿ ಹೊರಗೆ ಧೋ ಅಂತ ಮಳೆ, ಒಳಗೆ ಒಬ್ಬ ಹುಡುಗ ಮೂಗಿಗೆ ಟವಲ್ ಕಟ್ಕೊಂಡು ಗನ್ ಹಿಡ್ಕೊಂಡಿದ್ದ. ಹಾರ್ಡ್‌ನರಲ್ಲಿ ಐಸೊಸೈನೇಟ್ ಅಂತ ಕೆಮಿಕಲ್ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನ ಹೊಡೆಯೋರು ಸರಿಯಾದ ಮಾಸ್ಕ್ ಹಾಕ್ಲೇಬೇಕು. ಆ ಹುಡುಗನಿಗೆ ಮಾಸ್ಕ್ ಇರ್ಲಿಲ್ಲ. ಈಗ ಅನ್ಸುತ್ತೆ, ಹಾರ್ಡ್‌ನರ್ರೇ ಇಲ್ದ ಮೇಲೆ ಮಾಸ್ಕ್ ಯಾಕೆ.

ಡೆಲಿವರಿ ದಿನ ಕಾರ್ ಮಿರಮಿರ ಮಿಂಚ್ತಿತ್ತು, ಸುಳ್ಳು ಹೇಳಲ್ಲ. ರೂಫ್ ಮೇಲೆ ಮಾತ್ರ ಒಂದು ಕಡೆ ಹಾಲು ಚೆಲ್ಲಿ ಒರೆಸಿದ ಹಾಗೆ ಮಬ್ಬು. ಇದೇನು ಅಂದೆ. "ಪಾಲಿಶ್ ಕೂತಿದೆ ಗೌಡ್ರೇ, ಎರಡು ವಾಶಿಗೆ ಹೋಗುತ್ತೆ" ಅಂದ. ಹೋಗ್ಲಿಲ್ಲ. ಅದು ಪಾಲಿಶ್ಶೂ ಅಲ್ಲ ಮಣ್ಣೂ ಅಲ್ಲ, ತೇವದಲ್ಲಿ ಎನ್‌ಸಿ ಹೊಡೆದ್ರೆ ಥಿನ್ನರ್ ಬೇಗ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನಂಶ ಪೇಂಟಲ್ಲೇ ಸೇರ್ಕೊಳ್ಳುತ್ತೆ, ಅದೇ ಆ ಬಿಳಿ ಮಬ್ಬು. ನಮ್ ಕಡೆ ಜೂನ್ ತಿಂಗಳ ಹವೆಗೆ ಇದು ಆಗ್ದೇ ಇದ್ರೆ ಆಶ್ಚರ್ಯ.

ಈಗ ಮರ್ಯಾದೆ ವಿಷಯ. ಅತ್ತಿಗೆ ತವರಲ್ಲಿ ಗೃಹಪ್ರವೇಶ, ಕಾರ್ ತೊಳೆದು ಒರೆಸಿ ತಗೊಂಡು ಹೋದೆ. ಒರೆಸಿದ ಬಟ್ಟೆ ಕೆಂಪಾಗಿತ್ತು, ಹೊಸ ಪೇಂಟಲ್ವಾ ಅಂತ ಸುಮ್ನಾದೆ. ಊಟ ಆದ್ಮೇಲೆ ನಮ್ ಭಾವ ಬಿಳಿ ಪಂಚೇಲಿ ಎಲೆ ಅಡಿಕೆ ಹಾಕ್ಕೊಂಡು ಕಾರಿಗೆ ಒರಗಿ ನಿಂತು ಮಾತಾಡ್ತಿದ್ರು. ಅವ್ರು ತಿರುಗಿದಾಗ ಹಿಂದೆ ಇಡೀ ಪಂಚೆ ಕೆಂಪು. ಮಕ್ಳು ಓಡಿ ಬಂದು "ಮಾವ, ಮಾವ, ಪಂಚೆ ನೋಡಿ" ಅಂತ ಕೂಗಿ ಎಲ್ರನ್ನೂ ಸೇರ್ಸಿದ್ರು. "ಎಂತ ಮಾರಾಯ, ಕಾರಿಗೆ ಕುಂಕುಮ ಕಲಸಿ ಹಚ್ಚಿದ್ಯಾ?" ಅಂದ್ರು ಭಾವ. ಇಡೀ ಅಂಗಳ ನಕ್ತು. ಎಷ್ಟು ಕೊಟ್ಟೆ ಅಂತ ಯಾರೋ ಕೇಳಿದ್ರು, ನಾನು ಹೇಳ್ಲೇ ಇಲ್ಲ.

ಅಲ್ಲಿಂದ ಬರ್ತಾ ಇನ್ನೊಂದು ಗಮನಕ್ಕೆ ಬಂತು. ತಿರುವಲ್ಲೆಲ್ಲ ಎಡಗಡೆ ಬಾಗಿಲಿಂದ ಗುಳುಗುಳು ಸೌಂಡು. ಮೊದ್ಲು ನೀರಿನ ಬಾಟ್ಲು ಅನ್ಕೊಂಡೆ. ಬಾಗಿಲ ಕೆಳಗೆ ಕೈ ಹಾಕಿದ್ರೆ ಪೇಂಟ್ ಗುಳ್ಳೆ ಎದ್ದಿದೆ, ಒತ್ತಿದ್ರೆ ಪಿಚ್ ಅಂತ ನೀರು.

ಸೀದಾ ತೀರ್ಥಹಳ್ಳೀಲಿ ಒಬ್ರು ವಯಸ್ಸಾದ ಟಿಂಕರ್ ಹತ್ರ ಹೋದೆ. ಅವ್ರು ಏನೂ ಕೇಳ್ಲಿಲ್ಲ, ಬಾಗಿಲು ತೆಗೆದು, ಕೂತು, ಸಣ್ಣ ಸ್ಕ್ರೂಡ್ರೈವರ್ ತಗೊಂಡು ಬಾಗಿಲ ತಳದ ಅಂಚಲ್ಲಿ ಒಂದು ಕಡೆ ಚುಚ್ಚಿದ್ರು. ಜರ್ ಅಂತ ನೀರು, ತುಕ್ಕಿನ ನೀರು, ನಿಲ್ಲೋದೇ ಇಲ್ಲ! ಪ್ರತಿ ಬಾಗಿಲ ತಳದಲ್ಲೂ ಕಂಪನಿಯೋರೇ ನೀರು ಇಳಿಯೋಕೆ ತೂತು ಬಿಟ್ಟಿರ್ತಾರೆ, ಗ್ಲಾಸ್ ಸಂದಿಂದ ಒಳಗೆ ಹೋದ ಮಳೆ ನೀರು ಅಲ್ಲಿಂದ್ಲೇ ಹೊರಗೆ ಬರೋದು. ಆ ಪುಣ್ಯಾತ್ಮರು ತೂತಿಗೂ ಪುಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡ್ದಿದ್ರು. ತುಕ್ಕು ತೆಗೆದೂ ಇಲ್ಲ, ತುಕ್ಕಿನ ಮೇಲೇ ಪುಟ್ಟಿ. ಟಿಂಕರ್ ಒಂದು ಆಯಸ್ಕಾಂತ ತಂದು ಬಾಗಿಲ ಮೇಲ್ಗಡೆ ಇಟ್ರು, ಟಕ್ ಅಂತ ಹಿಡ್ಕೊಳ್ತು. ಕೆಳಗಡೆ ಇಟ್ರು, ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ರು, ಮತ್ತೆ ಬಿತ್ತು. ಅಷ್ಟು ದಪ್ಪ ಪುಟ್ಟಿ, ತಗಡು ಎಲ್ಲೋ ಒಳಗಿದೆ.

"ಇರ್ಲಿ, ಪೇಂಟಾದ್ರೂ ಪಿಯು ಅಲ್ವಾ" ಅಂದೆ ನಾನು. ಅವ್ರು ನನ್ ಮುಖ ನೋಡಿ "ಪಿಯು ಅಂತ ಯಾರು ಹೇಳಿದ್ದು?" ಅಂದ್ರು. ಹತ್ತೀನ ಥಿನ್ನರಲ್ಲಿ ಅದ್ದಿ ಪೆಟ್ರೋಲ್ ಮುಚ್ಚಳದ ಮೂಲೇಲಿ ನಾಕು ಸಲ ಉಜ್ಜಿದ್ರು. ಹತ್ತಿ ಪೂರ್ತಿ ಕೆಂಪು, ಅಡಿಯಲ್ಲಿ ಬೂದು ಪ್ರೈಮರ್ ಕಾಣ್ತಿದೆ. ಬೇರೆ ಹತ್ತಿ ತಗೊಂಡು ಬಾಗಿಲ ಒಳಗಡೆ, ಅಲ್ಲಿ ಹಳೇ ಕಂಪನಿ ಪೇಂಟ್ ಹಾಗೇ ಇದೆ, ಅಲ್ಲಿ ಅಷ್ಟೇ ಜೋರಾಗಿ ಉಜ್ಜಿದ್ರು. ಹತ್ತಿ ಬೆಳ್ಳಗೆ. ಎರಡನ್ನೂ ಬಾನೆಟ್ ಮೇಲೆ ಪಕ್ಕಪಕ್ಕ ಇಟ್ಟು "ಇದು ಎನ್‌ಸಿ" ಅಂದ್ರು, ಅಷ್ಟೇ. ನಕ್ಕಿದ್ರೂ ಪರವಾಗಿರ್ಲಿಲ್ಲ, ಪಾಪ ಅನ್ನೋ ಥರ ನೋಡಿದ್ರಲ್ಲ, ಅದೇ ತಡ್ಕೊಳ್ಳೋಕೆ ಆಗ್ಲಿಲ್ಲ.

ಎನ್‌ಸಿ ಅಂದ್ರೆ ನೈಟ್ರೋಸೆಲ್ಯುಲೋಸ್, ಹಳಬರು ಡ್ಯುಕೋ ಅಂತಾರಲ್ಲ ಆ ಜಾತಿ, 1920ರ ದಶಕದಲ್ಲಿ ಕಾರುಗಳಿಗೆ ಬಂದ ಪೇಂಟು. ಥಿನ್ನರ್ ಆರಿದ್ರೆ ಒಣಗ್ತು, ಅಷ್ಟೇ, ಒಳಗೆ ಏನೂ ಗಟ್ಟಿ ಕಟ್ಕೊಳ್ಳಲ್ಲ, ಮತ್ತೆ ಥಿನ್ನರ್ ಬಿದ್ರೆ ಕರಗುತ್ತೆ. ಪಿಯು ಅಥವಾ ಟೂ ಕೆ ಅಂದ್ರೆ ಪೇಂಟ್ ಬೇರೆ, ಹಾರ್ಡ್‌ನರ್ ಬೇರೆ, ಎರಡು ಡಬ್ಬಿ. ಕಂಪನಿ ಬರೆದಿರೋ ಅಳತೇಲಿ, ಕೆಲವಕ್ಕೆ 2:1, ಕೆಲವಕ್ಕೆ 4:1, ಬೆರೆಸಿದ್ರೆ ಎರಡೂ ಸೇರಿ ಗಟ್ಟಿಯಾಗುತ್ತೆ, ಆಮೇಲೆ ಥಿನ್ನರಿಗೆ ಜಗ್ಗಲ್ಲ. ಬೆರೆಸಿದ್ದು ಕೆಲವೇ ಗಂಟೆ ಬಾಳೋದು, ಉಳಿದಿದ್ದು ಚೆಲ್ಬೇಕು. ಇವರಿಗೆ ಅದೇ ಹೊಟ್ಟೆಯುರಿ. ಎನ್‌ಸಿ ಆದ್ರೆ ಉಳಿದಿದ್ದನ್ನ ಮುಚ್ಚಿಟ್ಟು ನಾಳೆ ಇನ್ನೊಬ್ಬನ ಕಾರಿಗೆ ಹೊಡೀಬಹುದು.

ಫೋನ್ ಮಾಡ್ದೆ. ಅವನ ಉತ್ತರಗಳನ್ನ ಹಾಗ್ ಹಾಗೇ ಬರೀತೀನಿ ನೋಡಿ.

"ಮಲ್ನಾಡ್ ಮಳೆಗೆ ಯಾವ ಪೇಂಟ್ ನಿಲ್ಲುತ್ತೆ ಗೌಡ್ರೇ?" ಕಂಪನಿ ಪೇಂಟ್ ಇಷ್ಟು ವರ್ಷ ಇದೇ ಮಳೇಲಿ ನಿಂತಿತ್ತಲ್ಲೋ ಅಂದೆ. "ಅದು ಕಂಪನೀದು" ಅಂದ. ಥಿನ್ನರಿಗೆ ಬಣ್ಣ ಬಂತಲ್ಲ ಅಂದೆ. "ಥಿನ್ನರ್ ಹಾಕಿ ಉಜ್ಜಿದ್ರೆ ಪೇಂಟೇನು, ನಿಮ್ ಕೈ ಚರ್ಮಾನೂ ಬರುತ್ತೆ" ಅಂದ! ಹಾರ್ಡ್‌ನರ್ ಹಾಕಿದ್ಯಾ ಇಲ್ವಾ ಅಷ್ಟು ಹೇಳು ಅಂದೆ. ಒಂದ್ಸಲ ಹಾಕಿದ್ವಿ ಅಂದ, ಇನ್ನೊಂದ್ಸಲ "ಹುಡುಗ ಕಮ್ಮಿ ಹಾಕಿರ್ಬೇಕು, ಅವ್ನು ಕೆಲ್ಸ ಬಿಟ್ಟೋದ" ಅಂದ. ಕೊನೆಗೆ ಅಂದಿದ್ದು, ಇದು ನನ್ ಹೊಟ್ಟೆ ಉರಿಸಿದ್ದು, "ನೀವ್ ಕೊಟ್ಟ ದುಡ್ಡಿಗೆ ಪಿಯು ಎಲ್ಲಿ ಬರುತ್ತೆ ಗೌಡ್ರೇ?" ಅಲ್ಲ ಮಾರಾಯ್ರೆ, ಆ ದುಡ್ಡು ಹೇಳಿದ್ದು ಯಾರು? ಪಿಯು ಅಂತ ಹೇಳಿ ಆ ರೇಟ್ ಹೇಳಿದ್ದು ಯಾರು? ನಾನು ಒಂದ್ ರೂಪಾಯಿ ಇಳ್ಸಿ ಅಂದಿಲ್ಲ. ಆಗ ಬರ್ತಿದ್ದ ಪಿಯು ಈಗ ಬರಲ್ವಾ?

ಎದುರಿಗೇ ಹೋಗಿ ನಿಂತಾಗ ಮತ್ತೆ ಕಾಫಿ ತರ್ಸಿದ. ಎರಡು ಬಾಗ್ಲು ಟಚಪ್ ಮಾಡ್ಕೊಡ್ತಾನಂತೆ, ಮೆಟೀರಿಯಲ್ ಖರ್ಚು ನಾನು ಕೊಡ್ಬೇಕಂತೆ. ಶೆಲ್ಫಲ್ಲಿ ಅದೇ ಡಬ್ಬಿ ಇತ್ತು. ಎತ್ತಿ ನೋಡ್ದೆ, ಖಾಲಿ. ಬರೀ ಶೋಗೆ ಇಟ್ಟಿರೋ ಡಬ್ಬಿ, ಮುಚ್ಚಳದ ಮೇಲೆ ಧೂಳು ಬೇರೆ.

ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ನಮ್ ವಕೀಲ ಗೆಳೆಯ ಹೇಳ್ದ, 5 ಲಕ್ಷದ ತನಕದ ಕೇಸಿಗೆ ಫೀಸೂ ಇಲ್ಲ, ಎರಡು ವರ್ಷದೊಳಗೆ ಹಾಕ್ಬಹುದು. ಬಿಲ್ ತೋರ್ಸು ಅಂದ. ತೋರಿಸಿದ್ರೆ ಅದ್ರಲ್ಲಿ "ಫುಲ್ ಪೇಂಟ್ 38,000" ಅಂತ ಬಿಟ್ರೆ ಏನೂ ಇಲ್ಲ. ಪಿಯು ಅನ್ನೋ ಎರಡಕ್ಷರ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಪಿಯು ಅಂತ ಮಾತಾಡಿದ್ದಕ್ಕೆ ಸಾಕ್ಷಿ ಏನಿದೆ ಅಂತ ಕೇಳ್ದ ಗೆಳೆಯ. ಪುಣ್ಯಕ್ಕೆ ವಾಟ್ಸಾಪಲ್ಲಿ ಮೊದ್ಲು "ಪಿಯು ತಾನೆ?" ಅಂತ ಕಳ್ಸಿದ್ದಕ್ಕೆ ಅವ್ನು ಹೆಬ್ಬೆಟ್ಟು ಹಾಕಿದ್ದಾನೆ, ಅದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಟಿದೀನಿ. ನೋಡೋಣ.

ಇನ್ನೂ ದೊಡ್ಡ ಸಂಕಟ ಕೇಳಿ. ಈಗ ನಿಜವಾದ ಪಿಯು ಮಾಡ್ಸೋಣ ಅಂದ್ರೆ ಈ ಎನ್‌ಸಿ ಮೇಲೆ ಹೊಡೆಯೋ ಹಾಗಿಲ್ಲ, ಕೆಳಗಿಂದು ಕರಗಿ ಸುಕ್ಕು ಏಳುತ್ತಂತೆ, ಎಲ್ಲ ಕೆರೆದು ತೆಗೀಬೇಕು. ಕೆರೆಯೋಕೇ ಬೇರೆ ಕೂಲಿ.

ಅದಕ್ಕೇ ಹೇಳ್ತಿರೋದು, ಡಬ್ಬಿ ನೋಡಿ ನಂಬ್ಬೇಡಿ, ಸೀಲ್ ಒಡೆದು ಹಾರ್ಡ್‌ನರ್ ಬೆರೆಸೋ ದಿನ ಎದುರಿಗೆ ನಿಂತ್ಕೊಳ್ಳಿ, ಬಿಲ್ಲಲ್ಲಿ ಪೇಂಟ್ ಹೆಸ್ರು ಬರೆಸಿ. ಪುಟ್ಟಿ ಆದ್ಮೇಲೆ ಪ್ರೈಮರಿಗೆ ಮುಂಚೆ ಒಂದ್ಸಲ ಹೋಗಿ ನೋಡಿ, ಜೇಬಲ್ಲಿ ಆಯಸ್ಕಾಂತ ಇರ್ಲಿ. ಥಿನ್ನರ್ ಟೆಸ್ಟ್ ಕೊಟ್ಟ ದಿನಾನೇ ಮಾಡ್ಬೇಡಿ, ಪಿಯು ಪೂರ್ತಿ ಗಟ್ಟಿಯಾಗೋಕೆ ಒಂದು ವಾರದ ಹತ್ರ ಬೇಕು, ಆಮೇಲೆ ಕಾಣದ ಮೂಲೇಲಿ ಮಾಡಿ. ಮೆಟಾಲಿಕ್ ಬಣ್ಣ ಇರೋರು ಬೇಸ್ ಕೋಟಿಗೆ ಹಾರ್ಡ್‌ನರ್ ಹಾಕಿಲ್ಲ ಅಂತ ಜಗಳ ತೆಗೀಬೇಡಿ, ಅದಕ್ಕೆ ಇಲ್ದಿದ್ರೂ ನಡೆಯುತ್ತೆ, ಮೇಲಿನ ಕ್ಲಿಯರ್‌ ಕೋಟಿಗೆ ಬೇಕೇ ಬೇಕು. ಜೂನಿಂದ ಸೆಪ್ಟೆಂಬರ್ ತನಕ ಟಾರ್ಪಾಲ್ ಬೂತಿಗೆ ಕಾರ್ ಕೊಡ್ಲೇಬೇಡಿ, ದೇವ್ರು ಬಂದು ಹೇಳಿದ್ರೂ ಕೊಡ್ಬೇಡಿ.

ನಾನು ಜನವರಿ ಫೆಬ್ರವರಿ ಒಣ ಹವೇಲಿ ಮತ್ತೆ ಮಾಡ್ಸ್ಬೇಕು ಅಂತಿದೀನಿ. ಆ ಟಿಂಕರ್ ಪೇಂಟ್ ಕೆಲ್ಸ ಹಿಡಿಯಲ್ವಂತೆ. ಶಿವಮೊಗ್ಗ ಅಥವಾ ಸಾಗರ ಕಡೆ ಎದುರಿಗೇ ಮಿಕ್ಸ್ ಮಾಡಿ ಪಿಯು ಹೊಡೆಯೋರು ಯಾರಾದ್ರೂ ಇದ್ರೆ, ನೀವೇ ಮಾಡ್ಸಿ ಒಂದು ಮಳೆಗಾಲ ಕಳೆದಿದ್ರೆ ಮಾತ್ರ, ರೇಟ್ ಸಮೇತ ಹೇಳಿ. "ನನ್ ಫ್ರೆಂಡ್ ಒಬ್ಬ ಇದಾನೆ" ಅನ್ನೋರು ದಯವಿಟ್ಟು ಬೇಡ.