ನಿಕಾನ್ ಡಿ750: ಮದುವೆಮನೆಯಿಂದ ಚೌಕಿಗೆ, ಚೌಕಿಯಿಂದ ಮತ್ತೆ ಮದುವೆಮನೆಗೆ

ಉಡುಪಿ ಮತ್ತು ಅದರ ಆಸುಪಾಸಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ತೆಗೆಯುವುದು ನನ್ನ ಉದ್ಯೋಗ. 2016ರ ಡಿಸೆಂಬರಿನಲ್ಲಿ ನಿಕಾನ್ ಡಿ750 ಕ್ಯಾಮೆರಾವನ್ನೂ ಅದರ ಜೊತೆಗೆ 50 ಎಂ.ಎಂ. ಎಫ್ 1.8 ಜಿ ಲೆನ್ಸನ್ನೂ ಕೊಂಡಾಗ ನನ್ನ ತಲೆಯಲ್ಲಿದ್ದದ್ದು ಶುದ್ಧ ವ್ಯವಹಾರದ ಲೆಕ್ಕ. ಸಭಾಭವನದ ಮಂದ ಬೆಳಕಿನಲ್ಲಿ ಹಳೆಯ ಕ್ಯಾಮೆರಾದ ಚಿತ್ರಗಳೆಲ್ಲ ಮರಳು ಚೆಲ್ಲಿದಂತೆ ಕಾಣುತ್ತಿದ್ದವು, ಆಲ್ಬಮ್ಮಿನಲ್ಲಿ ಅವನ್ನು ದೊಡ್ಡದಾಗಿ ಮುದ್ರಿಸುವಂತಿರಲಿಲ್ಲ. ಈಗ ಒಂಬತ್ತು ವರ್ಷಗಳಾಗಿವೆ. ಇದರ ಶಟರ್ ಸುಮಾರು 1,31,000 ಬಾರಿ ತೆರೆದು ಮುಚ್ಚಿದೆ. ಅಷ್ಟರಲ್ಲಿ ನಾನು ಉಳಿಸಿಕೊಳ್ಳಬೇಕೆಂದು ಆರಿಸಿದ ನೂರು ಚಿತ್ರಗಳನ್ನು ಈಚೆಗೆ ಮುಂದಿಟ್ಟುಕೊಂಡು ನೋಡಿದರೆ, ಹಣ ಪಡೆದು ತೆಗೆದವು ಅದರಲ್ಲಿ ಹತ್ತು ಹನ್ನೆರಡು ಮಾತ್ರ. ಮಿಕ್ಕವೆಲ್ಲ ಯಾರೂ ಕರೆಯದಿದ್ದರೂ ನಾನಾಗಿ ಹೋದ ಕಡೆ ಸಿಕ್ಕಿದವು. ಕ್ಯಾಮೆರಾದ ಗುಣದೋಷಗಳು ನನಗೆ ತಿಳಿದದ್ದೂ ಅಲ್ಲಿಯೇ ಆದ್ದರಿಂದ, ಆ ಕೆಲಸಗಳನ್ನು ಬಿಟ್ಟು ಈ ವಿಮರ್ಶೆಯನ್ನು ಬರೆಯಲು ನನ್ನಿಂದಾಗದು.

ಮೊದಲು ಮದುವೆಯ ಫೋಟೊಗ್ರಾಫರಿಗೆ ಬೇಕಾದ ಮಾತನ್ನು ಬೇಗ ಮುಗಿಸುತ್ತೇನೆ. 2014ರ ಸೆಪ್ಟೆಂಬರಿನಲ್ಲಿ ಬಂದ ಈ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಡಿಎಸ್‌ಎಲ್‌ಆರ್‌ನಲ್ಲಿ 24.3 ಮೆಗಾಪಿಕ್ಸೆಲ್ ಸೆನ್ಸರ್ ಇದೆ. ಬಾಡಿಯ ತೂಕ 750 ಗ್ರಾಂ. ಬ್ಯಾಟರಿ ಒಂದು ಚಾರ್ಜಿನಲ್ಲಿ 1230 ಚಿತ್ರಗಳವರೆಗೆ ಬರುತ್ತದೆಂದು ಕಂಪನಿ ಹೇಳುತ್ತದೆ, ನನಗೆ ಅದಕ್ಕಿಂತ ಹೆಚ್ಚೇ ಬಂದಿದೆ. ಎರಡು ಎಸ್‌ಡಿ ಕಾರ್ಡುಗಳಿಗೆ ಏಕಕಾಲದಲ್ಲಿ ಚಿತ್ರ ಬರೆಯುವ ವ್ಯವಸ್ಥೆ ಇರುವುದರಿಂದ ಧಾರೆಯ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುವುದು ನಿಂತಿತು. ಇಷ್ಟಕ್ಕೇ ಆಗಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ಬರೆದು ನಿಲ್ಲಿಸಬಹುದಿತ್ತು.

ಆದರೆ ಕೊಂಡ ವರ್ಷದೊಳಗೆ ನನಗೇ ಬೇಸರ ಹಿಡಿಯಿತು. ಮಂಟಪದ ಯಾವ ಮೂಲೆಯಲ್ಲಿ ನಿಂತರೆ ಏನು ಸಿಗುತ್ತದೆ ಎಂಬುದು ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು, ಒಂದು ಮನೆಯ ಆಲ್ಬಮ್ಮಿನ ಚಿತ್ರವನ್ನು ಇನ್ನೊಂದು ಮನೆಯ ಆಲ್ಬಮ್ಮಿಗೆ ಅಂಟಿಸಿದರೆ ಮುಖ ನೋಡದೆ ಪತ್ತೆಯಾಗುತ್ತಿರಲಿಲ್ಲ. ಹೊಸ ಲೆನ್ಸ್ ಕೊಂಡರೆ ಸರಿಹೋದೀತು ಎಂದುಕೊಂಡು ಅಂಗಡಿಗೂ ಹೋಗಿ ಬಂದೆ. ಅದೇ ನವೆಂಬರಿನಲ್ಲಿ, ಯಕ್ಷಗಾನ ಮೇಳಗಳು ಊರೂರು ಸುತ್ತುವ ತಿರುಗಾಟಕ್ಕೆ ಹೊರಟ ಹೊತ್ತಿಗೆ, ಕಿನ್ನಿಗೋಳಿಯ ಹತ್ತಿರದ ಗದ್ದೆಯೊಂದರಲ್ಲಿ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಆಟವಿತ್ತು. ನಾನು ಅಜ್ಜನ ಜೊತೆ ಚಾಪೆ ಕಟ್ಟಿಕೊಂಡು ಹೋಗಿ, ಬೆಳಗಿನ ಜಾವದ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಎಚ್ಚರಿಸಿ ಎಂದು ಹೇಳಿ ಮಲಗುತ್ತಿದ್ದ ಹುಡುಗ. ಯಕ್ಷಗಾನದ ಹುಚ್ಚು ಅಷ್ಟಿದ್ದೂ ಅಲ್ಲಿಗೆ ಕ್ಯಾಮೆರಾ ಒಯ್ಯಬೇಕೆಂದು ಅದುವರೆಗೆ ಅನ್ನಿಸಿರಲೇ ಇಲ್ಲ. ಒಯ್ದೆ. ರಂಗಸ್ಥಳದ ಎದುರು ಹತ್ತು ಜನ ಮೊಬೈಲ್ ಎತ್ತಿ ನಿಂತಿದ್ದುದರಿಂದ ಹಿಂದಿನ ಚೌಕಿಗೆ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ, ಹೋದೆ. "ಬಂದವರು ಮೊದಲು ಕೂತುಕೊಳ್ಳಿ, ಫೋಟೊ ಆಮೇಲೆ ತೆಗೆಯುವ" ಎಂದರು ಹಿರಿಯ ವೇಷಧಾರಿಯೊಬ್ಬರು. ಆ ರಾತ್ರಿ ಎರಡು ಗಂಟೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ.

ಅವರು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿಯ ಮಿಶ್ರಣವನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಕಪ್ಪು ಕೆಂಪು ಬಣ್ಣ ಬಳಿದ ಮುಖದ ಮೇಲೆ ಒಂದೊಂದೇ ಚುಕ್ಕಿಯಾಗಿ ನಿಲ್ಲಿಸುತ್ತಾರೆ. ಒಣಗಿದಾಗ ಆ ಚುಕ್ಕಿಗಳು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಡ್ಡಿ, ತಲೆಯ ಮೇಲೆ ಒಂದು ಬಲ್ಬು. ಆ ಬಳಿಕ ತೆಗೆದ ಚಿತ್ರಗಳನ್ನು ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಎಲ್ಲವೂ ಹಾಳಾಗಿದ್ದವು. ಸುತ್ತ ಕತ್ತಲು ಇರುವುದನ್ನು ಕಂಡ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ಹೋಗಿ, ಚುಟ್ಟಿಯ ಚುಕ್ಕಿಗಳನ್ನೆಲ್ಲ ಒಂದೇ ಬಿಳಿ ತೇಪೆಯನ್ನಾಗಿ ಮಾಡಿತ್ತು. ಕನ್ನಡಿಯನ್ನು ಸೇರಿಸಿ ತೆಗೆದ ಚಿತ್ರಗಳಲ್ಲಿ ಕನ್ನಡಿಯ ಚೌಕಟ್ಟು ಸ್ಪಷ್ಟವಾಗಿತ್ತು, ಅದರೊಳಗಿನ ಮುಖ ಮಸುಕಾಗಿತ್ತು. ಪ್ರತಿಬಿಂಬವು ಕನ್ನಡಿಯ ಮೇಲೆ ಇರುವುದಿಲ್ಲ, ಮುಖವು ಕನ್ನಡಿಯಿಂದ ಎಷ್ಟು ದೂರವಿದೆಯೋ ಅಷ್ಟೇ ದೂರ ಅದರ ಹಿಂದೆ ಇರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ ಪಾಠ ಅಂದು ನನ್ನ ಕಣ್ಣಿಗೆ ಬಿತ್ತು.

ಡಿ750ರಲ್ಲಿ ಹೈಲೈಟ್ ವೆಯ್ಟೆಡ್ ಮೀಟರಿಂಗ್ ಎಂಬ ಒಂದು ಅಳತೆಯ ಕ್ರಮವಿದೆ. ಮದುವೆಮನೆಯಲ್ಲಿ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ದೃಶ್ಯದಲ್ಲಿ ಅತ್ಯಂತ ಬೆಳಗಿರುವ ಭಾಗ ಸುಟ್ಟುಹೋಗದಂತೆ ಅದು ಎಕ್ಸ್‌ಪೋಶರನ್ನು (ಸೆನ್ಸರಿಗೆ ಬೀಳುವ ಬೆಳಕಿನ ಪ್ರಮಾಣವನ್ನು) ಇಳಿಸುತ್ತದೆ. ಚಿತ್ರ ನೋಡಲು ಕಪ್ಪಾಗಿರುತ್ತದೆ, ಆದರೆ ರಾ ಫೈಲಿನ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರದ) ನೆರಳನ್ನು ಬಳಿಕ ಎತ್ತಿದಾಗ ಈ ಸೆನ್ಸರ್ ಕೊಡುವ ವಿವರ ಇವತ್ತಿಗೂ ನನಗೆ ಸಂತೋಷ ಕೊಡುವಂಥದ್ದು. ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿ ತೆಗೆದ ಚುಟ್ಟಿಯ ಚಿತ್ರವೊಂದರಲ್ಲಿ ಚುಕ್ಕಿಗಳನ್ನು ಎಣಿಸಬಹುದು, ಹಿಂದೆ ಕತ್ತಲಲ್ಲಿ ಗೆಜ್ಜೆ ಕಟ್ಟಿಕೊಳ್ಳುತ್ತಿರುವ ಹುಡುಗನ ಬೆರಳುಗಳೂ ಕಾಣುತ್ತವೆ. ಫ್ಲ್ಯಾಶ್ ಹಚ್ಚಿದ್ದರೆ ಆ ಹುಡುಗನೂ ಇಲ್ಲ, ಆ ಚೌಕಿಯೂ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಚಿತ್ರಗಳಲ್ಲಿ ಪಟ್ಟೆಗಳು ಬರುವುದಕ್ಕೂ ಅಲ್ಲೇ ಉತ್ತರ ಸಿಕ್ಕಿತು: ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಶಟರನ್ನು 1/100 ಸೆಕೆಂಡಿಗೆ ನಿಲ್ಲಿಸಿದರೆ ಪಟ್ಟೆ ಮಾಯವಾಗುತ್ತದೆ.

ಈ ಕ್ಯಾಮೆರಾದ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿ ಗುಂಪುಗೂಡಿವೆ. ಅಂಚಿನಲ್ಲಿರುವ ಮುಖಕ್ಕೆ ಫೋಕಸ್ ಮಾಡಬೇಕಾದರೆ ನಡುವಿನ ಬಿಂದುವಿನಲ್ಲಿ ಹಿಡಿದು ಕ್ಯಾಮೆರಾವನ್ನು ತಿರುಗಿಸಬೇಕು, ಲೆನ್ಸಿನ ಬಾಯಿ ಪೂರ್ತಿ ತೆರೆದು ಸ್ಪಷ್ಟತೆಯ ಪದರ ತೆಳುವಾಗುವ ಎಫ್ 1.8ರಲ್ಲಿ ಹಾಗೆ ತಿರುಗಿಸಿದರೆ ಕಣ್ಣು ತಪ್ಪಿ ಕಿವಿ ಸ್ಪಷ್ಟವಾಗುತ್ತದೆ. ನಾನು ಎಫ್ 2.8ಕ್ಕೆ ಇಳಿದು ಒಗ್ಗಿಕೊಂಡೆ. ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ಎರಡು ತಿರುಗಾಟಗಳ ಚೌಕಿ ಚಿತ್ರಗಳಾದ ಮೇಲೆ, 2019ರಲ್ಲಿ ನಾನು ಹಿಡಿದದ್ದು ಶಂಕರಪುರದ ಮಲ್ಲಿಗೆಯನ್ನು. ನನ್ನ ಅತ್ತೆಯ ಮನೆ ಅಲ್ಲಿ. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಗೆ 3200 ಮೊಗ್ಗುಗಳು ಒಂದೊಂದಾಗಿ ಬೆರಳ ಸಂದಿಯಲ್ಲಿ ಹಾದುಹೋಗಬೇಕು ಎಂಬುದನ್ನು ಮದುವೆಗಳಲ್ಲಿ ಆ ಹೂವನ್ನು ಸಾವಿರ ಬಾರಿ ಕಂಡಿದ್ದ ನಾನು ಯೋಚಿಸಿಯೇ ಇರಲಿಲ್ಲ. ಕ್ಯಾಮೆರಾ ಹಿಡಿದು ಎದುರು ಕುಳಿತಾಗ ಅತ್ತೆ ಕೇಳಿದರು: "ಹೂವಿನ ಫೋಟೊವಾ, ಕೈಯದ್ದಾ? ಕೈಯದ್ದಾದರೆ ನಾನು ಉಗುರು ತೊಳೆದು ಬರುತ್ತೇನೆ." ತೊಳೆಯಬೇಡಿ ಎಂದೆ.

ಆ ಬೆರಳುಗಳ ವೇಗವನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. 1/500ರಲ್ಲಿ ತೆಗೆದರೆ ಕೈ ಕಲ್ಲಿನಂತೆ ನಿಲ್ಲುತ್ತದೆ, ಅವರು ಕಟ್ಟುತ್ತಿದ್ದಾರೋ ಹೂವನ್ನು ಹಿಡಿದುಕೊಂಡು ಕುಳಿತಿದ್ದಾರೋ ತಿಳಿಯದು. 1/30ಕ್ಕೆ ಇಳಿಸಿದಾಗ ಎಡಗೈಯ ಗಂಟು ಮತ್ತು ಅದಾಗಲೇ ಕಟ್ಟಿದ ಮಾಲೆ ನಿಶ್ಚಲವಾಗಿ ಉಳಿದು, ನಾರು ಸುತ್ತುವ ಬಲಗೈ ಬೆರಳು ಮಾತ್ರ ಹೊಗೆಯಂತೆ ಹರಡಿತು. ಅದೇ ನನಗೆ ಬೇಕಾದ ಚಿತ್ರ. ನೆಲದ ಮೇಲೆ ಕುಳಿತವರನ್ನು ನೆಲದ ಮಟ್ಟದಿಂದಲೇ ನೋಡಲು ಇದರ ಮಡಚುವ ಪರದೆ ಬಹಳ ಒದಗಿತು. ಪರದೆಯಲ್ಲಿ ನೋಡಿ ತೆಗೆಯುವಾಗ ಆಟೊಫೋಕಸ್ ನಿಧಾನವಾಗುವುದರಿಂದ ಲೆನ್ಸನ್ನು ಕೈಫೋಕಸಿಗೆ ಹಾಕಿ, ಒಮ್ಮೆ ದೂರ ಹೊಂದಿಸಿ ಬಿಟ್ಟುಬಿಡುತ್ತಿದ್ದೆ. ಬಿಳಿ ಮೊಗ್ಗಿನ ಬಿಳುಪನ್ನು ಕಾಪಾಡುವ ವಿದ್ಯೆ ಚುಟ್ಟಿಯಿಂದ ಬಂದೇ ಇತ್ತು.

ಮಿಕ್ಕ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ 61 ದಿನಗಳಲ್ಲಿ ಮಲ್ಪೆ ಬಂದರಿಗೆ ಹೋಗಿ, ಬಲೆ ಹೆಣೆಯುವವರನ್ನೂ ದಡ ಸೇರಿದ ಬೋಟುಗಳನ್ನೂ ತೆಗೆದೆ. ಕಂಬಳದ ಕೆರೆಯಲ್ಲಿ ಕೋಣಗಳು ಎಳೆಯುವ ಕನೆಹಲಗೆಯ ನೀರು ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮುವ ಕ್ಷಣಕ್ಕೆ ಸೆಕೆಂಡಿಗೆ 6.5 ಚಿತ್ರಗಳ ವೇಗ ಸಾಕಾಯಿತು, ಆದರೆ ಕಂಬಳದ ಮೇಲೆ ನನಗೆ ಯಕ್ಷಗಾನದಷ್ಟು ಪ್ರೀತಿ ಇಲ್ಲದ್ದರಿಂದ ಆ ಚಿತ್ರಗಳು ಬರಿಯ ಚುರುಕಾಗಿವೆ, ಅಷ್ಟೇ. ಬಾಸೆಲ್ ಮಿಶನ್ 1865ರಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದ ಮಂಗಳೂರಿಗೆ ಬಂದ ಕೆಂಪು ಮಾಡುಗಳನ್ನು (ಛಾವಣಿಗಳನ್ನು) ಎರಡು ಮಳೆಗಾಲ ತೆಗೆದೆ, ಗೆರೆಗಳನ್ನು ನೇರವಾಗಿ ಹಿಡಿಯುವ ಶಿಸ್ತು ಅಲ್ಲಿ ಬಂತು.

ಇವೆಲ್ಲ ನನ್ನ ಉದ್ಯೋಗಕ್ಕೆ ಹಿಂತಿರುಗಿ ಬಂದ ಬಗೆಯನ್ನು ಹೇಳಲೇಬೇಕು. ಕಳೆದ ವರ್ಷ ಕಟಪಾಡಿಯ ಮದುವೆಯೊಂದರಲ್ಲಿ ವಧುವಿನ ಅಲಂಕಾರದ ಕೋಣೆಗೆ ಹೋದಾಗ ಅದು ಚೌಕಿಯಂತೆಯೇ ಕಂಡಿತು: ಕನ್ನಡಿ, ಒಂದು ದೀಪ, ಬೇರೊಂದು ರೂಪಕ್ಕೆ ತಿರುಗುತ್ತಿರುವ ಮುಖ. ಹಿಂದೆ ಅಜ್ಜಿಯೊಬ್ಬರು ಮಲ್ಲಿಗೆಯ ಅಟ್ಟೆ ಬಿಡಿಸುತ್ತಿದ್ದರು. ನಾನು ಯಾರಿಗೂ "ಇಲ್ಲಿ ನೋಡಿ" ಎನ್ನದೆ ಮೂಲೆಯಲ್ಲಿ ಕುಳಿತೆ. ಫೋಕಸನ್ನು ಕನ್ನಡಿಯ ಚೌಕಟ್ಟಿಗೆ ಕೊಡದೆ ಪ್ರತಿಬಿಂಬಕ್ಕೆ ಕೊಟ್ಟೆ, ಅಜ್ಜಿಯ ಕೈಗೆ 1/30ನ್ನು ಆರಿಸಿದೆ. ಆ ಮನೆಯವರು ಆಲ್ಬಮ್ಮಿನ ಮೊದಲ ಪುಟಕ್ಕೆ ಆ ಅಜ್ಜಿಯ ಚಿತ್ರವನ್ನೇ ಕೇಳಿದರು.

ಕರಾವಳಿಯಲ್ಲಿ ಈ ಸಾಮಗ್ರಿಯನ್ನು ಇಟ್ಟುಕೊಳ್ಳುವವರಿಗೆ ನನ್ನ ತಪ್ಪಿನಿಂದ ಬಂದ ಎಚ್ಚರಿಕೆಯೊಂದಿದೆ. 2018ರ ಆಟಿಯಲ್ಲಿ (ಮಳೆಗಾಲದ ತುಳು ತಿಂಗಳಲ್ಲಿ) ಮದುವೆಗಳಿಲ್ಲವೆಂದು ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಮರೆತೆ. ತೆಗೆದು ನೋಡುವಾಗ ಗಾಜಿನ ಒಳಗೆ ಜೇಡನ ಬಲೆಯಂತೆ ಬೂಸ್ಟು ಹಬ್ಬಿತ್ತು. ಬಿಚ್ಚಿ ತೊಳೆಸಿದರೂ ಗಾಜಿನ ಲೇಪದಲ್ಲಿ ಒಂದು ಕಲೆ ಉಳಿದಿದೆ, ಬೆಳಕಿಗೆ ಎದುರಾಗಿ ತೆಗೆದರೆ ಅದು ಕಾಣುತ್ತದೆ. ಈಗ ಡ್ರೈ ಕ್ಯಾಬಿನೆಟ್ಟಿನಲ್ಲಿ ತೇವಾಂಶವನ್ನು ಶೇಕಡಾ 45ರ ಹತ್ತಿರ ಇಡುತ್ತೇನೆ. ಮಲ್ಪೆಯಿಂದ ಬಂದ ದಿನವೇ ಬಾಡಿಯನ್ನು ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸುತ್ತೇನೆ.

ಇನ್ನೂ ಒಂದು ಮಿತಿ: ಶಟರಿನ ಗರಿಷ್ಠ ವೇಗ 1/4000 ಮಾತ್ರ. ನಡುಮಧ್ಯಾಹ್ನ ಕಡಲದಂಡೆಯಲ್ಲಿ ಎಫ್ 1.8ರಲ್ಲಿ ತೆಗೆಯಲು ಅದು ಸಾಲದು, ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಚೌಕಟ್ಟಿನ ಅಂಚಿನವರೆಗೂ ಹಿಂಬಾಲಿಸುತ್ತವೆ. ನನ್ನ ಜೊತೆ ಕೆಲಸ ಮಾಡುವ ಹುಡುಗನ ಕೈಯಲ್ಲಿ ಅಂಥದ್ದೊಂದಿದೆ, ಮದುವೆಯ ಮೆರವಣಿಗೆಗೆ ಅದೇ ಉತ್ತಮ ಎಂದು ನಾನು ಒಪ್ಪುತ್ತೇನೆ. ಹೊಸದಾಗಿ ಉದ್ಯೋಗಕ್ಕಿಳಿಯುವವರು ಅದನ್ನೇ ಕೊಳ್ಳಲಿ. ಆದರೆ ಕೈಯಲ್ಲಿ ಆಗಲೇ ಡಿ750 ಇರುವವರು, ಚಿತ್ರಗಳು ಒಂದೇ ಬಗೆಯಾಗುತ್ತಿವೆ ಎಂಬ ಕಾರಣಕ್ಕೆ ಅದನ್ನು ಮಾರುವ ಮೊದಲು, ತಮಗೆ ಚಿಕ್ಕಂದಿನಿಂದ ಪ್ರೀತಿಯಿರುವ ಯಾವುದಾದರೂ ಒಂದರ ಎದುರು ಅದನ್ನು ಒಂದು ವರ್ಷ ಹಿಡಿದು ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕಂಪನಿ ಇದರ ಶಟರನ್ನು 1,50,000 ಬಾರಿಯ ಬಾಳಿಕೆಗೆ ಪರೀಕ್ಷಿಸಿದೆ, ನನ್ನದರಲ್ಲಿ ಇನ್ನು ಹತ್ತೊಂಬತ್ತು ಸಾವಿರ ಉಳಿದಂತಾಯಿತು. ಹೊಸ ಬಾಡಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಶಟರ್ ಬದಲಿಸಲು ತೆಗೆದಿರಿಸಿದ್ದೇನೆ. ಉಳಿದದ್ದು ಈ ತಿರುಗಾಟದಲ್ಲಿ ಮದ್ದಳೆಗೆ ಮುಚ್ಚಿಗೆ (ಚರ್ಮದ ಹೊದಿಕೆ) ಹಾಕುವವರ ಮನೆಗಳಿಗೆ ಹೋಗಿಬರುವ ಖರ್ಚಿಗೆ.