ಶೀಟಿನ ಮಾಡಿನ ಕೆಳಗೆ ಮೂರು ಹೆಡ್‌ಫೋನ್, ಎರಡು ಮೈಕ್

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಕಂಪ್ಯೂಟರ್ ಇರುವುದು ಉಪ್ಪರಿಗೆಯಲ್ಲಿ, ಮೇಲೆ ಶೀಟಿನ ಮಾಡು. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ನಾನು ನೋಡಿದ ಹೆಡ್‌ಫೋನ್, ಮೈಕ್ ರಿವ್ಯೂಗಳೆಲ್ಲ ಬಾಗಿಲು ಮುಚ್ಚಿದ ಎಸಿ ರೂಮಿನಲ್ಲಿ ಮಾಡಿದವು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ನಾವು ಆಟಕ್ಕೆ ಕೂತ ಹೊತ್ತಿಗೇ.

ರಾತ್ರಿ ಊಟ ಆದ ಮೇಲೆ ನಾವು ಐದು ಜನ ವ್ಯಾಲೊರಂಟ್ ಆಡುತ್ತೇವೆ, ತಂಡ ಕಟ್ಟಿ ಗುಂಡು ಹಾರಿಸುವ ಆನ್‌ಲೈನ್ ಆಟ. ಇಬ್ಬರು ಮಂಗಳೂರಿನವರು, ಒಬ್ಬ ಕುಂಬಳೆಯವನು, ಒಬ್ಬ ಬೆಂಗಳೂರು ಸೇರಿದವನು. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಒಂದು ದಿನ ಮಳೆ ಮೊದಲು ದೂರದ ತೋಟದಲ್ಲಿ ಸೋಗೆ ಮೇಲೆ ಬಿದ್ದ ಸದ್ದು ಕೇಳಿತು, ಹತ್ತಿರ ಬಂತು, ಆಮೇಲೆ ಶೀಟಿಗೆ ಬಡಿಯಿತು. ಎದುರಾಳಿ ಎಲ್ಲಿದ್ದಾನೆ ಅಂತ ನಾನು ಕಿರುಚುತ್ತಾ ಇದ್ದೇನೆ, ಕುಂಬಳೆಯವನು ಕೇಳುತ್ತಾನೆ, "ಎಂಥ ಮಾರಾಯ, ಹಪ್ಪಳ ಕರೀತಾ ಇದ್ದೀಯಾ?"

ಆಗ ನನ್ನ ಹತ್ತಿರ ಇದ್ದದ್ದು ಲೈಟು ಮಿನುಗುವ ಒಂದು ಗೇಮಿಂಗ್ ಹೆಡ್‌ಸೆಟ್. ಹೆಸರು ಬೇಡ. ಡಬ್ಬದ ಮೇಲೆ ದೊಡ್ಡದಾಗಿ 7.1 ಅಂತ ಬರೆದಿತ್ತು, ಅಂದರೆ ಸುತ್ತ ಏಳು ಸ್ಪೀಕರ್, ಜೊತೆಗೆ ಒಂದು ಬಾಸ್ ಇದ್ದ ಹಾಗೆ ಅಂತ ಲೆಕ್ಕ; ಒಳಗೆ ಕಿವಿಗೆ ಒಂದರಂತೆ ಎರಡೇ ಸ್ಪೀಕರ್. ಉಳಿದದ್ದೆಲ್ಲ ಸಾಫ್ಟ್‌ವೇರ್ ಲೆಕ್ಕ. ವ್ಯಾಲೊರಂಟ್‌ನಲ್ಲೇ ಎಚ್‌ಆರ್‌ಟಿಎಫ್ ಅಂತ ಒಂದು ಆಯ್ಕೆ ಉಂಟು, ಮಾಮೂಲಿ ಸ್ಟೀರಿಯೋ ಹೆಡ್‌ಫೋನಿನಲ್ಲೇ ಹೆಜ್ಜೆ ಸದ್ದು ಹಿಂದಿನಿಂದಲೋ ಮುಂದಿನಿಂದಲೋ ಅಂತ ಗೊತ್ತಾಗುವ ಹಾಗೆ ಮಾಡುತ್ತದೆ. ಅದರ ಮೇಲೆ ಹೆಡ್‌ಸೆಟ್ಟಿನ 7.1 ಕೂಡ ಹಾಕಿದರೆ ಎರಡೂ ಸೇರಿ ಕಲಸುಮೇಲೋಗರ. ನಾನು ಎಂಟು ತಿಂಗಳು ಹಾಗೆಯೇ ಆಡಿದೆ! ಆಫ್ ಮಾಡಿದ ದಿನವೇ ವ್ಯತ್ಯಾಸ ಗೊತ್ತಾಯಿತು. ಅಷ್ಟರಲ್ಲಿ ಆಟಿ ತಿಂಗಳು ಬಂತು, ಕಿವಿಯ ಮೆತ್ತೆಯ ರೆಕ್ಸಿನ್ ಮೇಲೆ ಬಿಳಿ ಬೂಸು, ಆಮೇಲೆ ಅದು ಹಪ್ಪಳೆ ಎದ್ದು ಆಟ ಮುಗಿಸಿ ತೆಗೆದಾಗಲೆಲ್ಲ ಕಿವಿಗೆ, ಕೆನ್ನೆಗೆ ಕರಿ ಚೂರು.

ಮಾವನ ಮಗನ ಹತ್ತಿರ ಹೈಪರ್‌ಎಕ್ಸ್ ಕ್ಲೌಡ್ 2 ಇತ್ತು, ಒಂದು ತಿಂಗಳಿಗೆ ಕೇಳಿ ತಂದೆ. 2015ರ ಮಾಡೆಲ್, 53 ಮಿಲಿಮೀಟರ್ ಡ್ರೈವರ್ (ಒಳಗಿನ ಸ್ಪೀಕರ್), ಜೊತೆಗೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡ್. ಆ ಸೌಂಡ್ ಕಾರ್ಡೇ ನನಗೆ ದೊಡ್ಡ ಉಪಕಾರ ಮಾಡಿದ್ದು. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್‌ಗೆ ಹಾಕಿದರೆ ಯಾವ ಹೆಡ್‌ಸೆಟ್ ಆದರೂ ನಮ್ಮಲ್ಲಿ ಗುಂಯ್ ಅನ್ನುತ್ತಿತ್ತು. ಅದು ಹೆಡ್‌ಸೆಟ್ಟಿನ ತಪ್ಪೇ ಅಲ್ಲ, ಯುಎಸ್‌ಬಿಗೆ ಹಾಕಿದ ಕೂಡಲೇ ನಿಂತಿತು. ಒಂದೇ ಸಾಮಾನಿನಲ್ಲಿ ಕಿವಿ, ಬಾಯಿ ಎರಡೂ ಮುಗಿಯಬೇಕು ಅನ್ನುವವರು ಇಂಥದ್ದನ್ನೇ ತೆಗೆದುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ತಿಂಗಳಾದ ಮೇಲೆ ವಾಪಸ್ ಕೊಡಬೇಕಾಯಿತು ಅಷ್ಟೆ.

ಬ್ಲೂಟೂತ್ ಬಗ್ಗೆ ಒಂದೇ ಮಾತು. ತಮ್ಮನ ಇಯರ್‌ಬಡ್ ಹಾಕಿ ನೋಡಿದೆ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ, ಆಟದ ಸದ್ದು ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದ ಹಾಗೆ. ವೈರ್ ಬೇಡ ಅಂದರೆ ಯುಎಸ್‌ಬಿಗೆ ಚುಚ್ಚುವ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನು ನೋಡಿ.

ಆಮೇಲೆ ಓಪನ್ ಬ್ಯಾಕ್ ಹುಚ್ಚು ಹಿಡಿಯಿತು. ಕಿವಿಯ ಬಟ್ಟಲಿನ ಹಿಂಬದಿ ಜಾಲರಿ ಇರುತ್ತದೆ, ಗಾಳಿ ಆಡುತ್ತದೆ, ಸದ್ದು ತಲೆಯೊಳಗಲ್ಲ, ಕೋಣೆಯಲ್ಲೇ ಆದ ಹಾಗೆ. ಸೆಕೆಂಡ್ ಹ್ಯಾಂಡ್ ಒಂದು ಜನವರಿಯಲ್ಲಿ ಸಿಕ್ಕಿತು. ಜನವರಿಯಿಂದ ಮೇ ತನಕ ನಾನು ರಾಜ. ಏಪ್ರಿಲ್ ಸೆಕೆಗೂ ಕಿವಿ ಬೆವರಲಿಲ್ಲ, ಆಟದಲ್ಲಿ ಮೆಟ್ಟಿಲಿನ ಮೇಲೆ ಬರುವವನೂ ಕೆಳಗೆ ಬರುವವನೂ ಬೇರೆ ಬೇರೆ ಕೇಳುತ್ತಿದ್ದರು. ಜೂನ್ ಮೊದಲ ವಾರ ಎಲ್ಲ ನೀರುಪಾಲು. ಒಳಗಿನ ಸದ್ದು ಹೊರಗೆ ಹೋಗುತ್ತದೆ ಅಂದ ಮೇಲೆ ಹೊರಗಿನದ್ದೂ ಒಳಗೆ ಬರಬೇಕಲ್ವಾ? ಶೀಟಿನ ಮಳೆಯಲ್ಲಿ ಹೆಜ್ಜೆ ಸದ್ದು ಹುಡುಕುವುದು ಅಂದರೆ ಜಾತ್ರೆಯಲ್ಲಿ ಗುಟ್ಟು ಕೇಳಿದ ಹಾಗೆ.

ಹಾಗಾಗಿ ಕೊನೆಗೆ ಆಡಿಯೋ ಟೆಕ್ನಿಕಾ ಎಂ40ಎಕ್ಸ್. ಕ್ಲೋಸ್ಡ್ ಬ್ಯಾಕ್, ಅಂದರೆ ಬಟ್ಟಲಿನ ಹಿಂಬದಿ ಮುಚ್ಚಿದ್ದು. 40 ಮಿಲಿಮೀಟರ್ ಡ್ರೈವರ್, ವಿದ್ಯುತ್ತಿಗೆ ತಡೆ 35 ಓಮ್ ಮಾತ್ರ, ಹಾಗಾಗಿ ಬೇರೆ ಆಂಪ್ಲಿಫೈಯರ್ ಏನೂ ಬೇಡ. ಲೈಟಿಲ್ಲ, ಮೈಕೂ ಇಲ್ಲ. ಸ್ಟುಡಿಯೋದವರಿಗೆ ಅಂತ ಮಾಡಿದ್ದು. ಕಿವಿ ಸ್ವಲ್ಪ ಬೆವರುತ್ತದೆ, ಮಳೆಗಾಲದ ತಂಪಿನಲ್ಲಿ ಅದು ತಡೆಯುವಷ್ಟೇ.

ಇನ್ನು ಬಾಯಿ. ನನ್ನ ದೊಡ್ಡ ಪೆಟ್ಟು ಇಲ್ಲಿ.

ಮೊದಲು ತೆಗೆದುಕೊಂಡದ್ದು ಮೇಜಿನ ಮೇಲೆ ಇಡುವ ಯುಎಸ್‌ಬಿ ಕಂಡೆನ್ಸರ್ ಮೈಕ್, ಸಣ್ಣ ಸದ್ದನ್ನೂ ಹಿಡಿಯುವ ಬಗೆ. ಡಿಸೆಂಬರಿನಲ್ಲಿ ಅದರಲ್ಲಿ ಮಾತಾಡಿದರೆ ಆಕಾಶವಾಣಿಯವರ ಹಾಗೆ ಕೇಳುತ್ತದೆ ಅಂತ ಬೆಂಗಳೂರಿನವನೇ ಹೇಳಿದ. ಆದರೆ ಅದಕ್ಕೆ ಫ್ಯಾನು, ಜೀರುಂಡೆ, ಕೆಳಗೆ ಅಮ್ಮ ತಿರುಗಿಸುವ ಮಿಕ್ಸಿ, ಎಲ್ಲ ಬೇಕು. ನಂತರ ಸ್ಯಾಮ್ಸನ್ ಕ್ಯೂ2ಯು, ಡೈನಾಮಿಕ್, ಅಂದರೆ ಕಂಡೆನ್ಸರಿನಷ್ಟು ಸೂಕ್ಷ್ಮ ಅಲ್ಲದ ಬಗೆ, ನೋಡಲಿಕ್ಕೆ ಸಭೆಯಲ್ಲಿ ಭಾಷಣ ಮಾಡುವ ಮೈಕಿನ ಹಾಗೆಯೇ. ಅದಕ್ಕೆ ಯುಎಸ್‌ಬಿಯೂ ಉಂಟು, ಸ್ಟುಡಿಯೋದವರು ಬಳಸುವ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಕೂಡ ಉಂಟು.

ಜುಲೈಯ ಒಂದು ರಾತ್ರಿ ಜೋರು ಮಳೆಯಲ್ಲಿ ಎರಡನ್ನೂ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆ. ಒಂದೇ ವಾಕ್ಯ: "ಇಬ್ಬರು ಎ ಸೈಟಲ್ಲಿ, ಒಬ್ಬ ಬಾಗಿಲ ಹಿಂದೆ." ಕಂಡೆನ್ಸರ್ ಒಂದು ಮೊಳ ದೂರ ಮೇಜಿನ ಮೇಲೆ, ಅದರಲ್ಲಿ ಮಳೆ ಮಾತ್ರ, ನಾನು ಮಳೆಯ ಹಿಂದೆ ಎಲ್ಲೋ. ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ಸಪ್ರೆಷನ್ ಹಾಕಿದೆ, ಮಳೆ ಹೋಯಿತು, ಜೊತೆಗೆ ನನ್ನ "ಬಾ"ನೂ ಹೋಗಿ "ಗಿಲ ಹಿಂದೆ" ಉಳಿಯಿತು. ಡೈನಾಮಿಕ್ಕನ್ನು ತುಟಿಯಿಂದ ನಾಲ್ಕು ಬೆರಳು ದೂರ ಇಟ್ಟೆ. ಮಳೆ ಇದೆ, ಆದರೆ ಹಿಂದೆ. ಮಾತು ಮುಂದೆ.

ಇದರಲ್ಲಿ ಜಾದೂ ಏನೂ ಇಲ್ಲ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದಾಗೆಲ್ಲ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆ ಇಡೀ ತುಂಬಿದ ಮಳೆಯ ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. 40 ಸೆಂಟಿಮೀಟರಿನಿಂದ 5ಕ್ಕೆ ಬಂದರೆ ಮೂರು ಸಲ ಅರ್ಧ, ಅಂದರೆ 18 ಡೆಸಿಬೆಲ್. ಹಾಗಾದರೆ ಕಂಡೆನ್ಸರನ್ನೇ ಬಾಯಿಯ ಹತ್ತಿರ ಹಿಡಿಯಬಹುದಲ್ಲ ಅಂತ ಕೇಳಬಹುದು. ಹಿಡಿದು ನೋಡಿದೆ, ಎಷ್ಟೋ ವಾಸಿ ಆಯಿತು, ಆದರೆ ಉಸಿರು ಬಿಟ್ಟದ್ದೂ ನಾಲಿಗೆ ಸವರಿದ್ದೂ ಕೇಳಿ ಮಂಗಳೂರಿನವರು ಬೈದರು.

ಕ್ಯೂ2ಯುನಲ್ಲಿ ಇನ್ನೊಂದು ಲಾಭ ನಾನು ಲೆಕ್ಕ ಹಾಕಿರಲೇ ಇಲ್ಲ. ಕ್ಲೋಸ್ಡ್ ಬ್ಯಾಕ್ ಹಾಕಿದರೆ ನಮ್ಮ ದನಿ ನಮಗೆ ಕೇಳುವುದಿಲ್ಲ, ಕೇಳದೆ ಕಿರುಚುತ್ತೇವೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಟಾರ್ಚ್ ಹಿಡಿದು ಮೇಲೆ ಬಂದಿದ್ದರು, ಯಾರ ಹತ್ತಿರ ಜಗಳ ಅಂತ. ಈ ಮೈಕಿನಲ್ಲೇ ಹೆಡ್‌ಫೋನ್ ಜ್ಯಾಕ್ ಉಂಟು, ಅಲ್ಲಿಗೆ ಎಂ40ಎಕ್ಸ್ ಚುಚ್ಚಿದರೆ ಆಟದ ಸದ್ದಿನ ಜೊತೆ ನನ್ನ ದನಿಯೂ ತಡ ಇಲ್ಲದೆ ಕಿವಿಗೆ ಬರುತ್ತದೆ. ಅಮ್ಮ ಆಮೇಲೆ ಮೆಟ್ಟಿಲು ಹತ್ತಲಿಲ್ಲ.

ತಮ್ಮ ಮಾತ್ರ ಒಪ್ಪುವುದಿಲ್ಲ. ಅವನಿಗೆ ಚಾಪೆಯಲ್ಲಿ ಬಿದ್ದುಕೊಂಡು ಲ್ಯಾಪ್‌ಟಾಪಿನಲ್ಲಿ ಆಡಬೇಕು. ನನ್ನ ಮೈಕಿಗೆ ಮೇಜಿಗೆ ಕಚ್ಚಿಸಿದ ಕಬ್ಬಿಣದ ಕೈ ಬೇಕು, ಅದರ ಎದುರು ನೆಟ್ಟಗೆ ಕೂರಬೇಕು. "ನಿನ್ನ ಹಾಗೆ ಹರಿಕಥೆಗೆ ಕೂತ ಹಾಗೆ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ" ಅನ್ನುತ್ತಾನೆ. ಹಾಗೆ ಆಡುವವರಿಗೆ ಬಾಯಿಯ ಪಕ್ಕವೇ ಕಡ್ಡಿ ಮೈಕ್ ಇರುವ ಹೆಡ್‌ಸೆಟ್ಟೇ ಸರಿ, ಅದೂ ಬಟ್ಟೆಯ ಮೆತ್ತೆಯದ್ದು.

ಓಪನ್ ಬ್ಯಾಕನ್ನು ಮಾರಲಿಲ್ಲ. ಬೂಸು ಹಿಡಿಯದ ಹಾಗೆ ಎರಡು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ, ತುಳಸಿ ಪೂಜೆ ಕಳೆದ ಮೇಲೆ ತೆಗೆಯುವುದು.